ಕೆಪ್ಪ ಜೋಗದ ಕಣಿವೆಯಲ್ಲಿ

ಸಿದ್ದಾಪುರ ತಾಲೂಕಿನ ಹೆಗ್ಗರಣೆಯಿಂದ ಸುಮಾರು ಐದು ಕಿಲೋಮೀಟರು ದೂರದಲ್ಲಿ ಅಘನಾಶಿನಿಯು 116 ಮೀಟರು ಆಳಕ್ಕೆ ಧುಮುಕುತ್ತದೆ. ಉಂಚಳ್ಳಿ ಜಲಪಾತವೆಂದು ಇದರ ಹೆಸರು. ಹತ್ತಿರ ನಿಂತವರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಾದ್ದರಿಂದ ಸುತ್ತಲಿನ ಜನ ಇದನ್ನು ಕೆಪ್ಪ ಜೋಗವೆನ್ನುತ್ತಾರೆ. 1845ರಲ್ಲಿ ಇದನ್ನು ಕಂಡುಹಿಡಿದನೆಂದು ಹೇಳಲಾಗುವ ಲುಷಿಂಗ್ಟನ್ ಎಂಬ ಆಂಗ್ಲ ಕಲೆಕ್ಟರನ ಹೆಸರೂ ಇದಕ್ಕೆ ಅಂಟಿಕೊಂಡಿದೆ. ತಲೆತಲಾಂತರದಿಂದ ಇದರ ಸದ್ದಿನಲ್ಲಿಯೇ ನಿದ್ದೆಹೋಗಿ, ಇದರ ಸದ್ದಿನಲ್ಲಿಯೇ ಎಚ್ಚೆತ್ತ ಊರವರು ಈ ಮಾತಿಗೆ ನಗದೆ ಇನ್ನೇನು ಮಾಡಿಯಾರು!

ಮೇಲಿನಿಂದ ನೋಡಿ ಮರಳುವವರೇ ಬಹಳ. ನನಗಾದರೋ ನೀರು ಬೀಳುವ ತಳವನ್ನು ಕಾಣಬೇಕೆಂಬ ಹಂಬಲ. ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆದು, ಆಶ್ವಯುಜ ಮಾಸದ ಒಂದು ಮುಂಜಾನೆ, ಅಡಕೆ ತೋಟದಲ್ಲಿ ದುಡಿದು ಹಣ್ಣಾದ ಅಜ್ಜನೊಬ್ಬನನ್ನು ಮುಂದಿಟ್ಟುಕೊಂಡು ಕಣಿವೆಗೆ ಇಳಿಯತೊಡಗಿದೆನು.

ಅದನ್ನು ದಾರಿಯೆನ್ನುವುದು ಬರಿಯ ಸೌಜನ್ಯದ ಮಾತು. ನೆಲವು ಗೋಡೆಯಂತೆ ಕಡಿದಾಗಿತ್ತು. ಕಾಲಿಟ್ಟಲ್ಲಿ ಕೊಳೆತ ಎಲೆ ಜಾರುತ್ತಿತ್ತು. ಹಿಡಿದ ಬಳ್ಳಿಯಲ್ಲಿ ಮುಳ್ಳಿರುತ್ತಿತ್ತು. ಉಂಬಳಗಳ ಕಾಟವನ್ನಂತೂ ಹೇಳತೀರದು. ಅಜ್ಜನು ಸುಣ್ಣ ಬೆರೆಸಿದ ಹೊಗೆಸೊಪ್ಪನ್ನು ಕಾಲಿಗೆ ತಿಕ್ಕಿಕೊಂಡು ನಿಶ್ಚಿಂತನಾಗಿದ್ದನು. ಯಾವ ಮರವನ್ನೇ ಆಗಲಿ, ಭಾರ ಹಾಕುವ ಮುನ್ನ ಒಮ್ಮೆ ಅಲುಗಿಸಿ ನೋಡುತ್ತಿದ್ದನು. ನಾನೂ ಹಾಗೆಯೇ ಮಾಡಿದೆನು. ನಡುವೆ ಒಂದೆಡೆ ಉಪ್ಪಾಗೆಯ ಕೊಂಬೆಗಳಲ್ಲಿ ಸಿಂಗಳೀಕಗಳ ಗುಂಪೊಂದು ಕುಳಿತಿತ್ತು. ಕಪ್ಪು ಮುಖ, ಅದರ ಸುತ್ತ ಬೆಳ್ಳಿಗೂದಲಿನ ಪ್ರಭಾವಳಿ! ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಲೋಕದ ಬೇರಾವ ಕಾಡಿನಲ್ಲಿಯೂ ಇಲ್ಲದ ಈ ಪ್ರಾಣಿಗಾಗಿಯೇ 2011ರಲ್ಲಿ ಸರ್ಕಾರವು ಇಲ್ಲಿನ ಅರಣ್ಯವನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು.

ಎರಡು ತಾಸಿನ ಬಳಿಕ ಹೊಳೆ ಸಿಕ್ಕಿತು. ತಿರುವಿನಾಚೆ ಜಲಪಾತದ ಕೆಳಗಿನ ಅರ್ಧವು ಬೆಳ್ಳಗೆ ಕಾಣುತ್ತಿತ್ತು. ಇನ್ನು ಹೊಳೆ ದಾಟಿದರೆ ತಳವೇ. ಪಾದರಕ್ಷೆ ಕಳಚಲೆಂದು ಬಾಗಿದೆನು. ಅಜ್ಜನು ನನ್ನ ರಟ್ಟೆ ಹಿಡಿದು ನೀರಿನತ್ತ ಬೆರಳು ತೋರಿದನು. ನಮ್ಮ ತಲೆಯ ಮೇಲೆ ಚೆನ್ನಾಗಿ ಬಿಸಿಲಿತ್ತು. ಆದರೆ ತಿಳಿಯಾಗಿದ್ದ ನೀರು ಅಂಚಿನಲ್ಲಿ ಕೆಂಪಾಗುತ್ತ, ತರಗೆಲೆಗಳನ್ನು ಹೊತ್ತು ತರುತ್ತಿತ್ತು. ಕಿವಿಯ ಬಳಿ ಬಾಯಿಟ್ಟು ಅವನು ಕೂಗಿದನು: “ಶಿರಸಿ ಕಡೆ ಮಳೆ ಬಿದ್ದಿದೆ ಮಾಸ್ತರೇ. ಹತ್ತಿ ಮೊದಲು!”

1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದ ಮೇಲೆ ಶರಾವತಿಯ ಜೋಗವು ಬಹುಮಟ್ಟಿಗೆ ಮನುಷ್ಯನ ಲೆಕ್ಕಕ್ಕೆ ಒಳಗಾಯಿತು. ಅಘನಾಶಿನಿಗೆ ಅಂಥ ದೊಡ್ಡ ಕಟ್ಟೆಯಿಲ್ಲ. ಶಿರಸಿಯ ಶಂಕರಹೊಂಡದಿಂದ ಕುಮಟೆಯ ಕಡಲಿನವರೆಗೆ ತನ್ನ ಮಳೆಯನ್ನು ತಾನೇ ಹೊತ್ತು ಬರುವ ಹೊಳೆ ಇದು. ಬೇರುಗಳನ್ನು ಹಿಡಿದು ಮೂವತ್ತು ಮಾರು ಮೇಲೇರಿ ತಿರುಗಿ ನೋಡುವಷ್ಟರಲ್ಲಿ, ನಾವು ನಿಂತಿದ್ದ ಬಂಡೆ ಕಾಣದಾಗಿತ್ತು. ಅದರ ಮೇಲೆ ಕೆಂಪು ನೀರು ಸುಳಿಸುಳಿಯಾಗಿ ಸಾಗುತ್ತಿತ್ತು.

ನನ್ನ ಕಾಲುಗಳ ನಡುಕ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಜ್ಜನು ಎಲೆಯಡಕೆಯ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರುತ್ತ ಹೇಳಿದನು: “ಮಾಘಕ್ಕೆ ಬನ್ನಿ. ನೀರು ಇಳಿದಿರುತ್ತದೆ, ದಾಟಿಸುತ್ತೇನೆ.”