ಎರಡು ದ್ವೀಪ ಸಾಕು

ಅಂಡಮಾನಿಗೆ ಹೊರಟವರನ್ನು ನಮ್ಮವರು ಮೊದಲು ಕೇಳುವುದೇ “ಎಷ್ಟು ದ್ವೀಪ ಕವರ್ ಆಗುತ್ತೆ?” ಎಂದು. ಟೂರ್ ಏಜೆಂಟರ ಕಾಗದದಲ್ಲೂ ಅದೇ ಲೆಕ್ಕ, ಐದು ರಾತ್ರಿಗೆ ಆರೋ ಏಳೋ ದ್ವೀಪ. ಈ ಲೆಕ್ಕವೇ ಜೇಬಿಗೆ ಕತ್ತರಿ ಹಾಕುತ್ತದೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಸಾಧಾರಣ ಕೋಣೆ ಹುಡುಕಿದರೆ ಸಿಗುತ್ತದೆ, ಅನ್ನ-ಮೀನು ಸಾರಿನ ಊಟವೂ ಕೈಗೆಟಕುತ್ತದೆ. ದುಡ್ಡು ಸೋರಿಹೋಗುವುದು ದಾಟುವುದರಲ್ಲಿ. ಪ್ರತಿ ಸಲ ಜೆಟ್ಟಿಗೆ ಆಟೋ, ಆಮೇಲೆ ದೋಣಿ, ಆಚೆ ಇಳಿದರೆ ಇನ್ನೊಂದು ಆಟೋ. ಅಷ್ಟರಲ್ಲಿ ಅರ್ಧ ಹಗಲು ಕಳೆದಿರುತ್ತದೆ. ಆದ್ದರಿಂದ ಕೋಣೆ ಬಾಡಿಗೆಯಲ್ಲಿ ನೂರಿನ್ನೂರು ಉಳಿಸಲು ಒದ್ದಾಡುವ ಬದಲು ಒಂದು ದ್ವೀಪವನ್ನೇ ಪಟ್ಟಿಯಿಂದ ತೆಗೆದುಬಿಡಿ ಎನ್ನುತ್ತೇನೆ.

ಉಳಿಯಬೇಕಾದವು ಪೋರ್ಟ್ ಬ್ಲೇರ್ ಬಿಟ್ಟರೆ ಎರಡೇ: ಹ್ಯಾವ್ಲಾಕ್ ಮತ್ತು ನೀಲ್. 2018ರಲ್ಲಿ ಇವು ಸ್ವರಾಜ್ ದ್ವೀಪ, ಶಹೀದ್ ದ್ವೀಪ ಆದವು. 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯಿತು. ಟಿಕೆಟ್ಟಿನ ಮೇಲೆ ಹೊಸ ಹೆಸರು ಕಂಡರೆ ಗಾಬರಿ ಬೇಡ, ಜನರ ಬಾಯಲ್ಲಿ ಹಳೆಯದೂ ಓಡಾಡುತ್ತಿರುತ್ತದೆ. ಈ ಮೂರು ಊರು ತ್ರಿಕೋನದ ಮೂರು ಮೂಲೆಗಳ ಹಾಗಿವೆ. ಪೋರ್ಟ್ ಬ್ಲೇರಿನಿಂದ ಹ್ಯಾವ್ಲಾಕಿಗೆ, ಅಲ್ಲಿಂದ ನೀಲಿಗೆ, ನೀಲಿನಿಂದ ಮತ್ತೆ ಪೋರ್ಟ್ ಬ್ಲೇರಿಗೆ ಹೋದರೆ ಮೂರೇ ದಾಟು, ಬಂದ ದಾರಿಯಲ್ಲೇ ಹಿಂದಿರುಗುವ ಖರ್ಚಿಲ್ಲ. ಇಲ್ಲೆಲ್ಲ ಓಡಾಡಲು ನಮ್ಮ ದೇಶದವರಿಗೆ ಪರವಾನಗಿಯೂ ಬೇಕಿಲ್ಲ.

ಪರವಾನಗಿ ಎಂದಾಗ ಲಕ್ಷದ್ವೀಪ ನೆನಪಾಗುತ್ತದೆ. ದೂರದ ಲೆಕ್ಕದಲ್ಲಿ ನಮಗೆ ಅದೇ ಹತ್ತಿರ, ಅಂಡಮಾನ್ ಆಚೆ ಬಂಗಾಳ ಕೊಲ್ಲಿಯಲ್ಲಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಉತ್ತರದ ದ್ವೀಪಗಳು 1956ರವರೆಗೂ ಕಾಗದದ ಮೇಲೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ತೆಂಗಿನ ನಾರು, ಕೊಬ್ಬರಿ ಮಂಗಳೂರಿನ ಬಂದರಿಗೆ ಬರುತ್ತಿತ್ತು, ಇಲ್ಲಿಯ ಅಕ್ಕಿ ಮಂಜಿಗಳಲ್ಲಿ ಅಲ್ಲಿಗೆ ಹೋಗುತ್ತಿತ್ತು. ಅಷ್ಟು ಹಳೆಯ ನಂಟಿದ್ದರೂ ಇವತ್ತು ಅಲ್ಲಿಗೆ ಹೋಗಲು ಮೊದಲು ಪರವಾನಗಿ ಪಡೆಯಬೇಕು, ಹಡಗಿಗೆ ಕೊಚ್ಚಿಗೆ ಹೋಗಬೇಕು. ದ್ವೀಪದಿಂದ ದ್ವೀಪಕ್ಕೆ ಮನಸ್ಸು ಬಂದ ಹಾಗೆ ದಾಟುವವರಿಗೆ ಸದ್ಯಕ್ಕೆ ಅಂಡಮಾನೇ ಸುಲಭ.

ಅಲ್ಲಿಗೆ ತಲುಪುವುದಕ್ಕೆ ಚೆನ್ನೈಯಿಂದ ಹಡಗೂ ಇದೆ. ಬಂಕ್ ದರ್ಜೆಯಲ್ಲಿ ಅಗ್ಗ, ಆದರೆ ಹತ್ತಿರ ಹತ್ತಿರ ಮೂರು ದಿನದ ಪ್ರಯಾಣ, ಹೊರಡುವುದೂ ತಿಂಗಳಲ್ಲಿ ಕೆಲವೇ ಸಲ. ರಜೆಯ ಚಿಂತೆಯಿಲ್ಲದ ನಿವೃತ್ತರಿಗೆ ಅದು ಹಬ್ಬ. ಮಿಕ್ಕವರು ಬೆಂಗಳೂರಿನಿಂದ ನೇರ ವಿಮಾನ ಹಿಡಿಯುವುದೇ ಸರಿ. ಕ್ರಿಸ್‌ಮಸ್, ಹೊಸ ವರ್ಷದ ಆಸುಪಾಸು ಮಾತ್ರ ಬೇಡ. ಫೆಬ್ರವರಿ, ಮಾರ್ಚ್‌ನಲ್ಲಿ ಸಮುದ್ರ ಶಾಂತವಾಗಿರುತ್ತದೆ, ಜನದಟ್ಟಣೆಯೂ ಇಳಿದಿರುತ್ತದೆ.

ಇನ್ನು ದೋಣಿ. ಖಾಸಗಿ ಕೆಟಮರಾನ್‌ಗಳು ವೇಗದವು, ಒಂದೂವರೆ ಗಂಟೆಯಲ್ಲಿ ಹ್ಯಾವ್ಲಾಕ್ ಮುಟ್ಟಿಸುತ್ತವೆ. ಒಳಗೆ ಎಸಿ, ಮೆತ್ತನೆಯ ಸೀಟು, ಮುಚ್ಚಿದ ಗಾಜು. ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುವ ಸರ್ಕಾರಿ ಫೆರ್ರಿಗೆ ಎರಡೂವರೆ ಗಂಟೆ ಬೇಕು, ದರ ಮಾತ್ರ ಬಹಳ ಕಡಿಮೆ. ಅಗ್ಗ ಎನ್ನುವುದಕ್ಕಿಂತ ಹೆಚ್ಚಾಗಿ ಅದರ ಡೆಕ್‌ಗಾಗಿ ನಾನು ಅದನ್ನು ಹೊಗಳುತ್ತೇನೆ. ಹೊರಗೆ ಕಟಕಟೆ ಹಿಡಿದು ನಿಂತರೆ ಮುಖಕ್ಕೆ ಉಪ್ಪುಗಾಳಿ ಹೊಡೆಯುತ್ತದೆ. ಹಡಗಿನ ಪಕ್ಕದಲ್ಲೇ ಹಾರುಮೀನು ನೀರಿನಿಂದ ಚಿಮ್ಮಿ, ರೆಕ್ಕೆ ಬಿಚ್ಚಿ, ಅಲೆಯ ಮೈಗೆ ಅಂಟಿದಂತೆ ತೇಲಿ, ದೂರದಲ್ಲಿ ಪುಳಕ್ಕನೆ ಮುಳುಗುತ್ತದೆ. ಸುತ್ತ ಇರುವವರು ಆಸ್ಪತ್ರೆಗೆ ಹೋಗಿಬರುವವರು, ಕಾಲೇಜಿನ ಹುಡುಗರು, ಬುಟ್ಟಿ ಚೀಲಗಳ ನಡುವೆ ಕಾಲು ಚಾಚಿ ಕೂತ ಅಮ್ಮಂದಿರು. ನೀಲ್ ಇಡೀ ಅಂಡಮಾನಿಗೆ ತರಕಾರಿ ಬೆಳೆದು ಕೊಡುವ ದ್ವೀಪ. ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ಕಾಡು ಕಡಿದು ಗದ್ದೆ ತೋಟ ಮಾಡಿದ ನೆಲವದು. ಊರುಗಳಿಗೆ ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ ಎಂದು ರಾಮಾಯಣವನ್ನೇ ಹಂಚಿಟ್ಟಿದ್ದಾರೆ. ಆ ಫೆರ್ರಿ ಅವರ ಬಸ್ಸು ಎಂಬುದನ್ನು ಮರೆಯಬಾರದು. ದ್ವೀಪವಾಸಿಗಳಿಗೆ ಅಲ್ಲಿ ಬೇರೆ ದರ ಇದೆ. ನಮಗೆ ಸೀಟು ಸಿಗದಿದ್ದರೆ ಗೊಣಗದೆ ಖಾಸಗಿ ದೋಣಿ ಹತ್ತುವುದು ನ್ಯಾಯ.

ಯಾವ ದೋಣಿಯಾದರೂ ಬೆಳಗಿನದೇ ಇರಲಿ. ಅಂಡಮಾನ್ ಅಷ್ಟು ಪೂರ್ವದಲ್ಲಿದ್ದೂ ಗಡಿಯಾರ ನಮ್ಮದೇ ಆದ್ದರಿಂದ ಡಿಸೆಂಬರಿನಲ್ಲಿ ಸಂಜೆ 5ರ ಹೊತ್ತಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಮಧ್ಯಾಹ್ನದ ದೋಣಿ ಹಿಡಿದವರಿಗೆ ಇಳಿದು ಕೋಣೆ ಸೇರುವಷ್ಟರಲ್ಲಿ ಕತ್ತಲು.

ದಿನ ಗೊತ್ತುಮಾಡುವಾಗ ಮನೆಯ ಗೋಡೆಯ ಕ್ಯಾಲೆಂಡರನ್ನೂ ನೋಡಿ ಎಂದರೆ ಕೆಲವರು ರಾಹುಕಾಲ ಎಂದುಕೊಳ್ಳುತ್ತಾರೆ. ನಾನು ಹೇಳುವುದು ಹುಣ್ಣಿಮೆ, ಅಮಾವಾಸ್ಯೆ. ಆ ದಿನಗಳ ಆಚೀಚೆ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ನೀಲಿನ ಲಕ್ಷ್ಮಣಪುರದ ದಡದಲ್ಲಿ ಕಲ್ಲಿನ ಸಹಜ ಸೇತುವೆಯೊಂದಿದೆ. ಅದರ ಬುಡಕ್ಕೆ ನಡೆದುಹೋಗಲು ಸಮುದ್ರ ಇಳಿದಿರಬೇಕು. ನೀರು ಹಿಂದೆ ಸರಿದಾಗ ಬಂಡೆಯ ಗುಂಡಿಗಳಲ್ಲಿ ಬೆರಳುದ್ದದ ಮೀನು, ಏಡಿ, ಸಮುದ್ರ ಸೌತೆ ಉಳಿದುಕೊಂಡಿರುತ್ತವೆ. ಬಗ್ಗಿ ನೋಡುತ್ತ ಒಂದು ಬೆಳಗು ಕಳೆಯಬಹುದು, ಒಂದು ಪೈಸೆ ಖರ್ಚಿಲ್ಲ. ಅಮಾವಾಸ್ಯೆ ಆರಿಸಿಕೊಂಡವರಿಗೆ ಇನ್ನೊಂದು ಭಾಗ್ಯವೂ ಉಂಟು. ಹ್ಯಾವ್ಲಾಕಿನ ಕಗ್ಗತ್ತಲಲ್ಲಿ ನೀರು ಕಲಕಿದರೆ ಸೂಕ್ಷ್ಮಜೀವಿಗಳು ನೀಲಿಯಾಗಿ ಮಿನುಗುವುದನ್ನು ಕಾಣಬಹುದು. ಬೆಳದಿಂಗಳಿದ್ದರೆ ಆ ಮಿನುಗು ಕಣ್ಣಿಗೆ ಬೀಳುವುದಿಲ್ಲ. ಆದರೆ ಇಳಿತದ ಹೊತ್ತಿನಲ್ಲಿ ಜೀವಂತ ಹವಳದ ಮೇಲೆ ಕಾಲಿಡಬೇಡಿ. 2010ರಲ್ಲಿ ನೀರು ಬಿಸಿಯಾಗಿ ಅಲ್ಲಿಯ ಹವಳ ಬಿಳಿಚಿ ಸಾಕಷ್ಟು ಸತ್ತಿದೆ. ಉಳಿದದ್ದನ್ನು ನಮ್ಮ ಚಪ್ಪಲಿ ಮುರಿಯುವುದು ಬೇಡ. ದಡದಲ್ಲಿ ಬಿದ್ದ ಹವಳದ ಚೂರನ್ನೂ ಚೀಲಕ್ಕೆ ಹಾಕಬಾರದು. ವನ್ಯಜೀವಿ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ.

ನೀಲ್ ಚಿಕ್ಕ ದ್ವೀಪ, ಬಾಡಿಗೆ ಸೈಕಲ್ ಸಾಕು. ಹ್ಯಾವ್ಲಾಕಿಗೆ ಸ್ಕೂಟರ್ ಬೇಕು. ಜೆಟ್ಟಿಯಿಂದ ರಾಧಾನಗರ ದಡ ದ್ವೀಪದ ಇನ್ನೊಂದು ಮಗ್ಗುಲಲ್ಲಿದೆ. ಎಲಿಫೆಂಟ್ ಬೀಚಿಗೆ ದೋಣಿಯಲ್ಲೇ ಹೋಗಬೇಕೆಂದಿಲ್ಲ, ಕಾಡಿನೊಳಗೆ ನಡೆದು ಹೋಗುವ ದಾರಿಯೂ ಇದೆ. ಮಳೆಯಾದ ಮರುದಿನ ಅಲ್ಲಿ ಕೆಸರು, ಹಳೆಯ ಚಪ್ಪಲಿ ಹಾಕಿಕೊಳ್ಳಿ. ಕೈಯಲ್ಲಿ ನಗದು ಇರಲಿ. 2020ರಲ್ಲಿ ಚೆನ್ನೈಯಿಂದ ಸುಮಾರು 2,300 ಕಿ.ಮೀ. ಕೇಬಲ್ಲು ಸಮುದ್ರದಡಿಯಲ್ಲಿ ಬಂದ ಮೇಲೆ ಇಂಟರ್ನೆಟ್ ಸುಧಾರಿಸಿದ್ದರೂ ಪ್ರತಿ ಅಂಗಡಿಯಲ್ಲೂ ಫೋನ್‌ಪೇ ಕೆಲಸ ಮಾಡುತ್ತದೆಂದು ನಂಬಿ ಕೂರಬಾರದು.

ಏಜೆಂಟರ ಪಟ್ಟಿಯಲ್ಲಿ ತಪ್ಪದೆ ಇರುವ ಬಾರಾಟಾಂಗ್ ಪ್ರವಾಸದ ಬಗ್ಗೆ ಒಂದು ಮಾತು. ಸುಣ್ಣದ ಗುಹೆ ಚೆನ್ನಾಗಿದೆ, ನಿಜ. ಆದರೆ ರಸ್ತೆ ಹಾದುಹೋಗುವುದು ಜಾರವಾ ಜನರ ಮೀಸಲು ಕಾಡಿನ ನಡುವೆ. ಆ ಭಾಗವನ್ನು ಮುಚ್ಚಬೇಕೆಂದು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಇವತ್ತಿಗೂ ಬೆಂಗಾವಲಿನಲ್ಲಿ ವಾಹನಗಳು ಸಾಲಾಗಿ ಓಡುತ್ತಿವೆ, ಒಳಗೆ ಕೂತವರು ಕಾಡಿನ ಅಂಚಿನಲ್ಲಿ ಮನುಷ್ಯರನ್ನು ಹುಡುಕುತ್ತ ಕುತ್ತಿಗೆ ಉದ್ದ ಮಾಡುತ್ತಾರೆ. ನಾನು ಆ ಸಾಲಿನಲ್ಲಿ ಕೂರಲಾರೆ. ನಮ್ಮ ಮನೆಯಂಗಳದಲ್ಲಿ ದಿನವೂ ಹಾಗೆ ಬಸ್ಸು ಓಡಿದರೆ ನಾವು ಸಹಿಸುತ್ತೇವೆಯೇ?

ಬಾರಾಟಾಂಗ್ ಬಿಟ್ಟರೆ ಉಳಿಯುವ ದಿನವನ್ನು ಪ್ರವಾಸದ ಕೊನೆಗೆ ಎತ್ತಿಡಿ. ಗಾಳಿ ಎದ್ದರೆ ಫೆರ್ರಿ ರದ್ದು, ವಿಮಾನ ಮಾತ್ರ ಕಾಯುವುದಿಲ್ಲ. ತಪ್ಪಿಹೋದ ವಿಮಾನ ಇಡೀ ಪ್ರವಾಸದ ಉಳಿತಾಯವನ್ನು ನುಂಗಿಬಿಡುತ್ತದೆ. ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರಿನಲ್ಲಿರಬೇಕು. ದೋಣಿ ಸರಿಯಾಗಿ ಬಂದರೆ ಮಧ್ಯಾಹ್ನ ಸೆಲ್ಯುಲರ್ ಜೈಲಿಗೆ ಹೋಗಿ, ಸಂಜೆ ಅಬರ್ಡೀನ್ ಬಜಾರಿನಲ್ಲಿ ಸುತ್ತಾಡಿ, ಅಲ್ಲೇ ಊಟ ಮುಗಿಸಬಹುದು.