ಹಳೆಯ ನಳಿಗೆಗೆ ಹೊಸ ಪೀಠ

ಮುಪ್ಪು ಬಂದಿತೆಂಬ ಸುದ್ದಿಯನ್ನು ಕನ್ನಡಿಗಿಂತ ಮೊದಲು ಮೊಣಕಾಲು ತಿಳಿಸುವುದುಂಟು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಕುಕ್ಕರಿಸಿ ಕೂಡ್ರುವುದೇ ಒಂದು ತಪಸ್ಸು. ಗೋಡೆಯನ್ನು ಹಿಡಿದರೂ ಏಳಲಾಗದೆ ಮೊಮ್ಮಗನನ್ನು ಕೂಗಬೇಕಾಗಿ ಬಂದಾಗ, ಬೇರೆಲ್ಲ ಪರಾಧೀನತೆಯನ್ನು ನುಂಗಿದವರೂ ಅದೊಂದನ್ನು ನುಂಗಲಾರರು. ಆಗ ನೆಲಮಟ್ಟದ ಪಾಯಖಾನೆಯನ್ನು ತೆಗೆಯಿಸಿ ಎತ್ತರದ ಪೀಠವನ್ನು ಹಾಕಿಸುವ ಮಾತು ಹುಟ್ಟುತ್ತದೆ. ಇಂಥ ವಿಷಯವನ್ನು ಪಡಸಾಲೆಯಲ್ಲಿ ಎತ್ತಬಾರದೆಂಬ ಮರ್ಯಾದೆಯೇನೋ ಲೋಕದಲ್ಲಿ ಇದೆ. ಮನೆಯವರೆಲ್ಲ ಸುಮ್ಮನಾದರೆ ಗೌಂಡಿಯೊಬ್ಬನೇ ಮಾತನಾಡುವನು.

ಅವನ ಸಲಹೆ ಬಹುಶಃ ಒಂದೇ. ನೆಲವನ್ನು ಒಡೆಯುವುದೇಕೆ? ಹಳೆಯ ಬೋಗುಣಿಯನ್ನಷ್ಟೆ ಕಿತ್ತು ಅದರ ಬಾಯಿಯ ಮೇಲೆ ಕಮೋಡನ್ನು ಕೂಡ್ರಿಸಿದರಾಯಿತು! ಆದರೆ ಆ ಬೋಗುಣಿಯ ಕೆಳಗೆ, ನೆಲದೊಳಗೆ, ಒಂದು ಬಾಗಿದ ಕೊರಳುಂಟು. ಅದರಲ್ಲಿ ಸದಾ ನಿಂತಿರುವ ಎರಡಂಗುಲದ ನೀರೇ ದುರ್ವಾಯುವನ್ನು ತಡೆಯುವ ಬಾಗಿಲು. ಈ ಉಪಾಯಕ್ಕೆ 1775ರಲ್ಲಿ ಹಕ್ಕುಪತ್ರವನ್ನು ಪಡೆದವನು ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರಗಾರನು. ಹೊಸ ಕಮೋಡಾದರೋ ಅಂಥದೇ ಕೊರಳನ್ನು ತನ್ನ ಹೊಟ್ಟೆಯಲ್ಲಿಯೇ ಹೊತ್ತು ಬರುತ್ತದೆ. ಎರಡೂ ಉಳಿದರೆ ನಡುವೆ ಗಾಳಿ ಸೆರೆಸಿಕ್ಕಿ, ಹೊಯ್ದ ನೀರು ತಡವರಿಸುತ್ತದೆ. ಹೋಗಬೇಕಾದುದು ಹೋಗದೆ ಸುಳಿಯುತ್ತದೆ. ಎಷ್ಟೇ ಧೂಳೆದ್ದರೂ ನೆಲವನ್ನೊಡೆದು ಹಳೆಯ ಕೊರಳನ್ನು ಕೀಳಿಸುವುದೇ ಯುಕ್ತವು.

ಪೀಠವನ್ನು ಕೊಳ್ಳುವ ಮೊದಲು ಗೋಡೆಯಿಂದ ನಳಿಗೆಯ ನಡುವಿನವರೆಗೆ ಅಳೆಯಬೇಕು. ಅದೂ ಬಿಲ್ಲೆ ಹಚ್ಚಿದ ಗೋಡೆಯಿಂದ, ಬರಿಯ ಇಟ್ಟಿಗೆಯಿಂದಲ್ಲ. ಲಿಂಗಸುಗೂರಿನ ಪೇಟೆಗೆ ಹೋದವರು ಮೊದಲು ಬಣ್ಣವನ್ನು ಆರಿಸುವರು, ಅದು ಬೇರೆ ಮಾತು. ಹಳೆಯ ನಾಲ್ಕಂಗುಲದ ನಳಿಗೆಗೂ ಈಗಿನ 110 ಮಿಲಿಮೀಟರಿನ ನಳಿಗೆಗೂ ಹೆಸರಿಗೆ ನೆಂಟಸ್ತನವಿದ್ದರೂ ಬಾಯಿಗೆ ಬಾಯಿ ಕೂಡುವುದಿಲ್ಲ. ಸಂದಿಗೆ ಸಿಮೆಂಟನ್ನು ತುಂಬುವುದು ರೂಢಿ. ಆದರೆ ಸಿಂಧನೂರಿನ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂಥದು; ಸಿಮೆಂಟು ಅದರೊಡನೆ ಕುಣಿಯಲಾರದೆ ಒಡೆಯುತ್ತದೆ, ಕೆಲವೊಮ್ಮೆ ಪಿಂಗಾಣಿಯನ್ನೂ ಒಡೆಯುತ್ತದೆ. ಬಾಗಬಲ್ಲ ರಬ್ಬರಿನ ಕೊರಳಪಟ್ಟಿ ಮೇಲು.

ಮಸ್ಕಿಯ ಗುಡ್ಡದ ಮಗ್ಗುಲಲ್ಲಿ ಕಷ್ಟವೇ ಬೇರೆ. ಗಣಿಯ ಇಂಜಿನಿಯರನಾದ ಬೀಡನ್ ಎಂಬವನು 1915ರಲ್ಲಿ ಅಲ್ಲಿ ಕಂಡ ಬಂಡೆ ಅಶೋಕನ ಹೆಸರನ್ನು ಕ್ರಿ.ಪೂ. 3ನೆಯ ಶತಮಾನದಿಂದ ಕಾಯ್ದುಕೊಂಡಿತ್ತು. ಅಂಥ ಕಲ್ಲು ಪಾಯಖಾನೆಯ ಗುಂಡಿಗೆ ಸುಲಭವಾಗಿ ಎಡೆಗೊಟ್ಟೀತೆ? ಆಳ ಸಾಲದ ಗುಂಡಿ ಬೇಗ ತುಂಬುತ್ತದೆ. ತುಂಬಿದ್ದನ್ನು ತೆಗೆಯುವವರು ಯಾರೆಂಬ ಪ್ರಶ್ನೆ ಆಗ ಏಳುತ್ತದೆ. ಹಿಂದೆ ಒಣ ಪಾಯಖಾನೆಗಳಿದ್ದಾಗ ಅದನ್ನು ಮನುಷ್ಯರೇ ತಲೆಯ ಮೇಲೆ ಹೊತ್ತರು. ಹೊರಿಸಿದವರು ಹಿತ್ತಿಲ ಬಾಗಿಲನ್ನು ಮುಚ್ಚಿಕೊಂಡು ಅವರ ಮುಖವನ್ನು ಸಹ ನೋಡದೆ ಉಳಿದರು. 1993ರ ಕಾಯಿದೆಯೂ 2013ರ ಕಾಯಿದೆಯೂ ಆ ಕೆಲಸವನ್ನು ನಿಷೇಧಿಸಿವೆ. ಆದರೂ ನಳಿಗೆ ಕಟ್ಟಿದ ರಾತ್ರಿ, ಯಂತ್ರದ ಗಾಡಿಗೆ ಕಾಯದೆ, ಯಾರನ್ನಾದರೂ ಇಳಿಸೋಣವೆಂದು ಯೋಚಿಸುವ ಸಭ್ಯರಿದ್ದಾರೆ. ನೆಲದೊಳಗಿನ ಒಂದು ಕೆಟ್ಟ ಬೆಸುಗೆಯ ಬೆಲೆಯನ್ನು ಕಡೆಗೆ ತೆರುವವನು ಮನೆಯ ಯಜಮಾನನಲ್ಲ.

ಆದುದರಿಂದ ನೆಲವನ್ನು ಮುಚ್ಚುವ ಮೊದಲು ಯಜಮಾನನೇ ಪಂಚೆಯನ್ನು ಎತ್ತಿ ಕಟ್ಟಿ ಅಲ್ಲಿ ಕೂಡ್ರುವುದು ಒಳ್ಳೆಯದು. ನಳಿಗೆಯ ಇಳಿಜಾರು ನಲವತ್ತು ಅಡಿಗೆ ಒಂದಡಿಯಷ್ಟಾದರೂ ಇದೆಯೆ, ಗಾಳಿಯ ನಳಿಗೆ ಮಾಳಿಗೆಯ ಮೇಲಕ್ಕೆ ಹೋಗಿದೆಯೆ ಎಂದು ನೋಡಿ, ಎರಡು ಕೊಡ ನೀರನ್ನು ಒಮ್ಮೆಲೆ ಹೊಯ್ಯಿಸಿ, ಬೆಸುಗೆಯ ಸುತ್ತ ಒಣಕಾಗದವನ್ನು ಒತ್ತಬೇಕು. ಕಾಗದ ತೋಯದಿದ್ದರೆ ಗೌಂಡಿಗೆ ಕೂಲಿಯನ್ನು ಕೊಡಬಹುದು.