ಮಾತು ನಡೆಯುವ ತಾಯಿಯನ್ನು ಹುಡುಕುತ್ತಾ ಕೊಂಕಲ್ ಕಡೆಗೆ

ಹೊಸದಾಗಿ ಬಂದ ಸೊಸೆಗೆ ಗಂಡನ ಊರಿನಲ್ಲಿ ಮೊದಲು ತಿಳಿದುಕೊಳ್ಳಬೇಕಾದದ್ದು ಏನು ಹೇಳಿ? ಗುಡಿ ಎಲ್ಲಿ, ಅಂಗಡಿ ಎಲ್ಲಿ ಎಂಬುದೆಲ್ಲ ಆಮೇಲಿನ ಮಾತು. ಕೂಸು ರಾತ್ರಿಯಿಡೀ ಅತ್ತರೆ ಯಾರನ್ನು ಕೇಳಬೇಕು, ಯಾವ ಅಂಗಡಿಯ ಬೇಳೆ ಬೇಗ ಬೇಯುತ್ತದೆ, ಯಾವ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಡುತ್ತದೆ ಎಂದು ಸುಳ್ಳು ಹೇಳದೆ ತಿಳಿಸುವವರು ಯಾರು? ಅದು ಮೊದಲು! ಪ್ರತಿ ಓಣಿಯಲ್ಲೂ ಅಂಥವಳೊಬ್ಬಳು ಇದ್ದೇ ಇರುತ್ತಾಳೆ. ಓದು ಹೆಚ್ಚಿಲ್ಲದಿರಬಹುದು, ಹಣವಂತೂ ಇಲ್ಲದೇ ಇರಬಹುದು. ಆದರೂ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಆಕೆಯ ಬಗ್ಗೆ ಒಂದು ಮಾತು ಹೇಳುತ್ತಾರೆ: “ಆಕಿ ಮಾತು ನಡೀತದ.”

ಈಗ ಆ ಮಾತಿಗೆ ಪೇಟೆಯಲ್ಲಿ ಬೆಲೆ ಬಂದಿದೆ, ಸೋದರಿಯರೇ. ಹಿಂದೆ ಸೋಪು, ಪೌಡರು ಮಾರಬೇಕಾದರೆ ಮುಂಬಯಿಯ ಸಿನಿಮಾ ತಾರೆಯ ಚಿತ್ರ ಹಾಕುತ್ತಿದ್ದ ಕಂಪನಿಗಳು ಈಗ ಮೊಬೈಲಿನಲ್ಲಿ ಅಡುಗೆ ತೋರಿಸುವ, ಮಕ್ಕಳ ಲಾಲನೆ ಪಾಲನೆಯ ಬಗ್ಗೆ ಮಾತಾಡುವ ತಾಯಂದಿರನ್ನು ಹುಡುಕುತ್ತಿವೆ. ‘ಮಾಮ್ ಇನ್‌ಫ್ಲುಯೆನ್ಸರ್’ ಎಂದು ಅವರಿಗೆ ಹೆಸರು. ಲಕ್ಷಗಟ್ಟಲೆ ಜನ ನೋಡುವವರೇ ಬೇಕೆಂದೇನೂ ಇಲ್ಲ. ಒಂದು ಸಾವಿರದಿಂದ ಹತ್ತು ಸಾವಿರ ಜನ ಹಿಂಬಾಲಿಸುವವರನ್ನು ಈ ವ್ಯಾಪಾರದಲ್ಲಿ ಸಾಮಾನ್ಯವಾಗಿ ‘ನ್ಯಾನೊ’ ಎನ್ನುತ್ತಾರೆ. ತಮ್ಮದೇ ಊರಿನ, ತಮ್ಮದೇ ಮಾತಿನ ಹೆಂಗಸು ಹೇಳಿದರೆ ನೆರೆಹೊರೆಯವರು ನಂಬುತ್ತಾರೆ ಎಂಬುದು ಕಂಪನಿಗಳ ಲೆಕ್ಕ.

ಆ ಲೆಕ್ಕ ಸರಿಯೇ? ಬೆಂಗಳೂರಿನ ಕಚೇರಿಯಲ್ಲಿ ಕುಳಿತರೆ ಗೊತ್ತಾಗುವುದಿಲ್ಲ. ಬನ್ನಿ, ಯಾದಗಿರಿ ಜಿಲ್ಲೆಯ ಕೊಂಕಲ್ ಕಡೆಗೆ ಹೋಗಿ ಬರೋಣ.

ರೈಲಿಳಿದು ಬಸ್ಸಿಗೆ

ಯಾದಗಿರಿ ಮುಂಬಯಿ–ಚೆನ್ನೈ ರೈಲು ದಾರಿಯ ಮೇಲಿದೆ. ವಾಡಿ ದಾಟಿ ರಾಯಚೂರು ಬರುವ ಮೊದಲು ಇಳಿದುಕೊಳ್ಳಬೇಕು. ಊರಿಗೆ ಕಾವಲು ನಿಂತಂತೆ ಗುಡ್ಡದ ಮೇಲೆ ಹಳೆಯ ಕೋಟೆ. ಅಲ್ಲಿಂದ ಮುಂದೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ಬಸ್ಸುಗಳಲ್ಲಿ ಬುತ್ತಿಗಂಟು, ಬಗಲಲ್ಲಿ ಕೂಸು, ಬಾಯಿತುಂಬ ಮಾತು ಹೊತ್ತ ಹೆಂಗಸರದೇ ಕಾರುಬಾರು! ಆಧಾರ್ ಕಾರ್ಡು ಮರೆಯಬೇಡಿ, ಅಷ್ಟೇ.

ಕೃಷ್ಣಾ, ಭೀಮಾ ಎರಡೂ ನದಿಗಳನ್ನು ಮಡಿಲಲ್ಲಿಟ್ಟುಕೊಂಡ ಜಿಲ್ಲೆ ಇದು. ಆದರೂ ಬೇಸಿಗೆಯಲ್ಲಿ ಬಿಸಿಲು ನೆತ್ತಿ ಸುಡುತ್ತದೆ. ಮಳೆ ಬಿದ್ದರೆ ಎರೆ ಮಣ್ಣು ಚಪ್ಪಲಿಗೆ ಅಂಟಿ ಬಿಡುವುದಿಲ್ಲ. ಹೊಲಗಳಲ್ಲಿ ಹತ್ತಿ, ಜೋಳ, ತೊಗರಿ. ದಸರೆ ಕಳೆದ ಮೇಲೆ ಹೋದರೆ ತೊಗರಿಯ ಹಳದಿ ಹೂವು ನೋಡಬಹುದು. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿತು. ಯಾದಗಿರಿಯೂ ಮೊದಲು ಹಳೆಯ ಗುಲಬರ್ಗಾ ಜಿಲ್ಲೆಯೊಳಗೇ ಇದ್ದದ್ದು. ಹಾಗಾಗಿ ಈ ಬೇಳೆಯ ರುಚಿ ಎರಡೂ ಕಡೆಯ ಅಡುಗೆಮನೆಗೆ ಸೇರಿದ್ದು.

ಈ ಸೀಮೆಯ ಯಾವ ಹಳ್ಳಿಗೆ ಹೋದರೂ ಬೆಳಗಿನ ಹೊತ್ತು ಒಂದು ಸದ್ದು ನಿಮ್ಮನ್ನು ಎದುರುಗೊಳ್ಳುತ್ತದೆ. ಟಪ್ ಟಪ್ ಟಪ್… ಜೋಳದ ರೊಟ್ಟಿ ಬಡಿಯುವ ಸದ್ದು. ಬಾಗಿಲಲ್ಲಿ ನಿಂತರೆ, “ಬರ್ರಿ ಅಕ್ಕೋರ, ಕುಂದರ್ರಿ. ರೊಟ್ಟಿ ತಿಂದು ಹೋಗ್ರಿ” ಎಂದು ಕರೆದಾರು. ತಟ್ಟೆಯಲ್ಲಿ ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೇಲೊಂದಿಷ್ಟು ಎಣ್ಣೆ. ಇನ್ನೇನು ಬೇಕು?

ಹುಡುಕುವ ಬಗೆ

ನೀವು ಮನೆಯಲ್ಲೇ ಚಟ್ನಿಪುಡಿ, ಶ್ಯಾವಿಗೆ, ಕಟಕ ರೊಟ್ಟಿ ಮಾಡಿ ಮಾರುವವರು ಎಂದಿಟ್ಟುಕೊಳ್ಳೋಣ. ಕೊಂಕಲ್, ಶಹಾಪುರ, ಸುರಪುರದ ಕಡೆಯೂ ನಿಮ್ಮ ಸರಕಿನ ಸುದ್ದಿ ಮುಟ್ಟಬೇಕು. ಅಲ್ಲಿನ ತಾಯಂದಿರಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯುವುದು ಹೇಗೆ?

ಮೊದಲು ಮೊಬೈಲಿನಲ್ಲೇ ನೋಡಿ. ಯೂಟ್ಯೂಬ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ ಊರ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆದು ಹುಡುಕಿ. ಸಣ್ಣ ಊರಿನ ಹೆಸರಿಗೆ ಏನೂ ಸಿಗದಿದ್ದರೆ ಬೇಸರ ಬೇಡ. ತಾಲ್ಲೂಕಿನ ಹೆಸರು ಹಾಕಿ. ಅದರ ಜೊತೆಗೆ ಆ ಕಡೆಯ ಹೆಂಗಸರ ಬಾಯಲ್ಲಿರುವ ಮಾತು ಸೇರಿಸಿ. ‘ಸೀಮಂತ’ ಎಂದು ಹುಡುಕಬೇಡಿ, ‘ಕುಬಸ’ ಎನ್ನಿ. ‘ಕಡಲೆಕಾಯಿ ಚಟ್ನಿ’ ಎನ್ನಬೇಡಿ, ‘ಶೇಂಗಾ ಹಿಂಡಿ’ ಎನ್ನಿ. ಜವಳ, ತೊಟ್ಟಿಲ ಕಾರ್ಯ, ಬಾಣಂತಿ ಊಟ… ತಾಯಂದಿರು ಮಾತಾಡುವುದು ಇವುಗಳ ಬಗ್ಗೆಯೇ ತಾನೆ?

ಎರಡನೆಯದಾಗಿ, ಎಷ್ಟು ಜನ ನೋಡಿದ್ದಾರೆ ಎಂಬ ಅಂಕಿಗೆ ಮರುಳಾಗಬೇಡಿ. ಹಿಂಬಾಲಕರನ್ನು ದುಡ್ಡಿಗೆ ಕೊಳ್ಳಬಹುದಾದ ಕಾಲ ಇದು! ಕೆಳಗೆ ಜನ ಬರೆದದ್ದನ್ನು ಓದಿ. ಸಾಲುಸಾಲಾಗಿ ‘ಸೂಪರ್’ ಎಂದಷ್ಟೇ ಇದ್ದರೆ ಅದರಿಂದ ತಿಳಿಯುವುದು ಕಡಿಮೆ. “ಅಕ್ಕಾ, ಹಿಟ್ಟು ನಾದಾಗ ಬಿಸಿನೀರು ಎಷ್ಟು ಹಾಕ್ತೀರಿ? ನಂದು ರೊಟ್ಟಿ ಹರೀತದ” ಎಂದು ಒಬ್ಬಳು ಕೇಳಿ, ಈಕೆ ಅದಕ್ಕೆ ಉತ್ತರ ಕೊಟ್ಟಿದ್ದರೆ ಅಲ್ಲಿ ನಿಲ್ಲಿ. ನೀವು ಹುಡುಕುವ ತಾಯಿ ಈಕೆಯೇ ಇರಬಹುದು. ಎರಡು ಮೂರು ತಿಂಗಳ ಹಿಂದಿನವನ್ನೂ ನೋಡಿ. ಇಂದು ಒಂದು ಎಣ್ಣೆ, ನಾಳೆ ಇನ್ನೊಂದು ಎಣ್ಣೆ, ಎರಡನ್ನೂ ‘ನಮ್ಮ ಮನೆಯಲ್ಲಿ ಯಾವಾಗಲೂ ಇದೇ’ ಎನ್ನುವವಳಾದರೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಮೂರನೆಯದು, ಬಸ್ಸು ಹತ್ತಿ ಹೋಗುವುದು. ಎಷ್ಟೋ ಮಾತು ನಡೆಯುವ ಹೆಂಗಸರು ಯೂಟ್ಯೂಬಿನಲ್ಲಿ ಇಲ್ಲವೇ ಇಲ್ಲ. ಅವರ ಮಾತು ನಡೆಯುವುದು ಸ್ತ್ರೀಶಕ್ತಿ ಸಂಘದ ವಾಟ್ಸಾಪ್ ಗುಂಪಿನಲ್ಲಿ, ಗುಡಿಯ ಕಟ್ಟೆಯಲ್ಲಿ, ಹತ್ತಿ ಬಿಡಿಸುವ ಹೊಲದಲ್ಲಿ. ಮೂರು ಬೇರೆ ಬೇರೆ ಓಣಿಗಳಲ್ಲಿ, “ಶ್ಯಾವಿಗಿ ಚಲೋ ಯಾರು ಮಾಡ್ತಾರ್ರಿ? ಕೂಸಿಗೆ ಹುಷಾರಿಲ್ಲಂದ್ರ ಯಾರಿಗೆ ಕೇಳ್ತೀರಿ?” ಎಂದು ವಿಚಾರಿಸಿ. ಮೂರೂ ಕಡೆ ಒಂದೇ ಹೆಸರು ಬಂದರೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಡ. ಆದರೆ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆಯರನ್ನು ಸರಕು ಹೊಗಳಲು ಕರೆಯಬೇಡಿ. ಅವರ ಮಾತು ಊರಿನ ಆರೋಗ್ಯಕ್ಕೆ ಮೀಸಲು.

ಇದು ಹೊಸದೇನಲ್ಲ

ಹೆಂಗಸರ ನಂಬಿಕೆಯ ಮೇಲೆ ವ್ಯಾಪಾರ ನಡೆದದ್ದು ಇದೇ ಮೊದಲಲ್ಲ. ಬಳೆಗಾರ ಊರಿಗೆ ಬಂದರೆ ಯಾರ ಮನೆಯ ಜಗುಲಿಯಲ್ಲಿ ಗಂಟು ಬಿಚ್ಚುತ್ತಿದ್ದ, ನೆನಪಿಸಿಕೊಳ್ಳಿ! 1959ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸತೊಡಗಿದರು. ಅದೇ ಇಂದಿನ ಲಿಜ್ಜತ್. 2001ರ ಹೊತ್ತಿಗೆ ಹಿಂದೂಸ್ತಾನ್ ಲಿವರ್ ಕಂಪನಿ ಈಗ ತೆಲಂಗಾಣಕ್ಕೆ ಸೇರಿರುವ ನಲ್ಗೊಂಡದಲ್ಲಿ ಸ್ವಸಹಾಯ ಸಂಘದ ಹೆಂಗಸರ ಕೈಯಲ್ಲಿ ಸೋಪು, ಶಾಂಪೂ ಕೊಟ್ಟು ಮನೆಮನೆಗೆ ಕಳಿಸಿತು. ‘ಪ್ರಾಜೆಕ್ಟ್ ಶಕ್ತಿ’ ಎಂದು ಅದರ ಹೆಸರು.

ಯಾದಗಿರಿಯ ಪೂರ್ವದ ಗಡಿ ದಾಟಿದರೆ ಅದೇ ತೆಲಂಗಾಣ. ಅಲ್ಲಿನ ಲಂಬಾಡಿಪಲ್ಲಿ ಎಂಬ ಹಳ್ಳಿಯ ಗಂಗವ್ವ ‘ಮೈ ವಿಲೇಜ್ ಶೋ’ ಎಂಬ ಯೂಟ್ಯೂಬ್ ಚಾನೆಲ್‌ನಲ್ಲಿ ತನ್ನ ಹಳ್ಳಿಯ ಮಾತಿನಲ್ಲೇ ಮಾತಾಡಿ ಮನೆಮಾತಾದಳು. 2020ರಲ್ಲಿ ತೆಲುಗು ಬಿಗ್ ಬಾಸ್ ಮನೆಗೂ ಹೋಗಿಬಂದಳು. ಅವಳು ಪೇಟೆಯ ಮಾತು ಕಲಿತು ಗೆದ್ದವಳಲ್ಲ ಎಂಬುದನ್ನು ಗಮನಿಸಿ.

ಇನ್ನು ನಮ್ಮ ನೆರೆಯ ಕಲಬುರಗಿಯ ರೊಟ್ಟಿ. ಜಿಲ್ಲಾಡಳಿತದ ಬೆಂಬಲದಿಂದ ಅಲ್ಲಿನ ಸ್ವಸಹಾಯ ಸಂಘಗಳ ಹೆಂಗಸರು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲೇ ಜೋಳದ ರೊಟ್ಟಿ ಮಾರತೊಡಗಿದರು. ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ಆಗುತ್ತಿವೆ, ಬೆಂಗಳೂರಿನಲ್ಲೂ ಮಾರಾಟದ ಕಟ್ಟೆ ತೆರೆದಿದೆ ಎಂದು 2025ರ ಜೂನ್ 29ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರೇ ಹೇಳಿದರು. ಇಲ್ಲಿ ಸರಕೂ ಹೆಂಗಸರದೇ, ಹೆಸರೂ ಅವರ ನಾಡಿನದೇ. ತಾನು ದಿನಾ ಬಡಿಯುವ ರೊಟ್ಟಿಯನ್ನು ಚೆನ್ನಾಗಿದೆ ಎನ್ನಲು ಯಾರಿಗೂ ನಾಲಿಗೆ ತೊದಲುವುದಿಲ್ಲ, ಅಲ್ಲವೇ?

ಡಬ್ಬಿಯ ಹಾಲಿನ ಮಾತು ಬಂದರೆ…

ಈಗ ಇನ್ನೊಂದು ಪಕ್ಕದಿಂದ ನೋಡೋಣ. ನೀವೇ ಆ ಮಾತು ನಡೆಯುವ ತಾಯಿ ಎಂದಿಟ್ಟುಕೊಳ್ಳಿ. ಒಂದು ದಿನ ಫೋನು ಬರುತ್ತದೆ. “ಮೇಡಂ, ಕೂಸಿನ ಡಬ್ಬಿ ಹಾಲಿನ ಪುಡಿ ಕಳಿಸುತ್ತೇವೆ. ಎರಡು ಮಾತು ಹೇಳಿ, ಐದು ಸಾವಿರ ಕೊಡುತ್ತೇವೆ.” ಏನು ಮಾಡುತ್ತೀರಿ?

ಉತ್ತರ ಕೊಡುವ ಮುಂಚೆ ನಾವು ಬಂದಿರುವ ಜಿಲ್ಲೆಯ ಮಕ್ಕಳನ್ನು ನೆನೆಯಿರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಯಾದಗಿರಿಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಇಂಥ ಕಡೆ ಒಬ್ಬ ಬಾಣಂತಿ ನಿಮ್ಮ ಮಾತು ನಂಬಿ ಎದೆಹಾಲು ಬಿಡಿಸಿ, ಕೂಲಿಯ ದುಡ್ಡಿನಲ್ಲಿ ಡಬ್ಬಿ ಕೊಂಡು, ಅದು ಬೇಗ ಮುಗಿಯದಿರಲಿ ಎಂದು ನೀರು ಹೆಚ್ಚಿಗೆ ಬೆರೆಸಿದರೆ? ಆ ಕೂಸಿನ ಗತಿ ಏನು?

ಕಾನೂನೂ ಇದನ್ನು ಒಪ್ಪುವುದಿಲ್ಲ. 1992ರ ಕಾಯ್ದೆ ಮತ್ತು 2003ರ ಅದರ ತಿದ್ದುಪಡಿಯಂತೆ ಎರಡು ವರ್ಷದೊಳಗಿನ ಕೂಸುಗಳ ಡಬ್ಬಿ ಹಾಲು, ಡಬ್ಬಿ ಆಹಾರ, ಹಾಲಿನ ಬಾಟಲಿ ಇವುಗಳ ಜಾಹೀರಾತೇ ನಿಷಿದ್ಧ. ತಪ್ಪಿದರೆ ಮೂರು ವರ್ಷದವರೆಗೆ ಜೈಲೂ ಆಗಬಹುದು. ಆರು ತಿಂಗಳು ಬರೀ ಎದೆಹಾಲು, ಆಮೇಲೆ ಮೆತ್ತಗಿನ ಮನೆಯೂಟದ ಜೊತೆ ಎರಡು ವರ್ಷದವರೆಗೂ ಎದೆಹಾಲು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಹಾಲು ಸಾಲದ ತಾಯಿಗೆ ದಾರಿ ಹೇಳಬೇಕಾದವರು ಡಾಕ್ಟರು, ಜಾಹೀರಾತಿನವರಲ್ಲ.

ಉಳಿದ ಸರಕಿಗೂ ನಿಯಮವಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ದುಡ್ಡು ಪಡೆದಿರಲಿ, ಪುಕ್ಕಟೆ ಸಾಮಾನು ಅಥವಾ ಉಡುಗೊರೆ ಪಡೆದಿರಲಿ, ಅದು ಜಾಹೀರಾತು ಎಂದು ನೋಡುವವರಿಗೆ ತಿಳಿಯುವಂತೆ ಸ್ಪಷ್ಟವಾಗಿ ಹೇಳಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಬೀಳಬಹುದು. ಕೊಂಕಲ್‌ನ ಅಡುಗೆಮನೆಗೂ ಮುಂಬಯಿಯ ಸ್ಟುಡಿಯೋಗೂ ಕಾನೂನು ಒಂದೇ!

ಒಪ್ಪಿಕೊಳ್ಳುವ ಮುಂಚೆ

ಹಾಗಾದರೆ ಈ ಉಸಾಬರಿಯೇ ಬೇಡವೆನ್ನೋಣವೇ? ಖಂಡಿತ ಅಲ್ಲ. ಮನೆಯಲ್ಲೇ ಕುಳಿತು ನಾಲ್ಕು ಕಾಸು ದುಡಿಯುವ ದಾರಿ ಹೆಣ್ಣಿಗೆ ಸಿಗುವುದು ಸುಮ್ಮನೆ ಅಲ್ಲ. ಯೂಟ್ಯೂಬಿನ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆ ನೋಡಿದ ಲೆಕ್ಕ ಬೇಕು. ಕಿರು ವಿಡಿಯೋಗಳಾದರೆ ಲೆಕ್ಕ ಬೇರೆ. ಅಲ್ಲಿಯವರೆಗೆ ಊರಿನ ಸಣ್ಣ ವ್ಯಾಪಾರಿಗಳು ಕೊಡುವ ಕೆಲಸವೇ ಕೈಗೆ ಆಸರೆ. ಆದರೆ ನಾಲ್ಕು ಮಾತು ನೆನಪಿಡಿ.

ಸರಕನ್ನು ಒಂದು ತಿಂಗಳು ನಿಮ್ಮ ಮನೆಯಲ್ಲೇ ಬಳಸಿ ನೋಡಿ. ತಿನ್ನುವ ವಸ್ತುವಾದರೆ ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಇಲಾಖೆಯ 14 ಅಂಕಿಯ ಸಂಖ್ಯೆ ಇದೆಯೇ ಎಂದು ನೋಡಿ.

ಎಷ್ಟು ವಿಡಿಯೋ, ಎಷ್ಟು ದುಡ್ಡು, ಯಾವತ್ತು ಕೊಡುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ದುಡ್ಡು ನಿಮ್ಮ ಖಾತೆಗೇ ಬರಲಿ. ‘ಮೊದಲು ನೀವೇ ಇಷ್ಟು ಕಟ್ಟಿ’ ಎಂದು ಯಾರಾದರೂ ಕೇಳಿದರೆ ಫೋನು ಇಟ್ಟುಬಿಡಿ.

ಕೂಸಿನ ಸ್ನಾನ, ಅಳು, ಕಾಯಿಲೆ ಇವು ಪೇಟೆಗೆ ಇಡುವ ಸರಕಲ್ಲ. ಶಾಲೆಯ ಹೆಸರು, ಮನೆಯ ಗುರುತು ತೋರಿಸಬೇಡಿ.

ಸರಕು ಸರಿಯಿಲ್ಲದಿದ್ದರೆ, “ಇದು ನಮಗ ಹೊಂದಲಿಲ್ರಿ” ಎಂದು ಹೇಳುವ ಸ್ವಾತಂತ್ರ್ಯ ಉಳಿಸಿಕೊಳ್ಳಿ. ಅದನ್ನು ಒಪ್ಪದ ಕಂಪನಿಗೆ ಬೇಕಾದದ್ದು ನಿಮ್ಮ ಮುಖ, ನಿಮ್ಮ ಮಾತಲ್ಲ.

ಹುಡುಕಿಕೊಂಡು ಹೋದ ನೀವೂ ಅಷ್ಟೇ. ಆಕೆಯ ಹೊತ್ತಿಗೆ ನ್ಯಾಯವಾದ ಬೆಲೆ ಕೊಡಿ. ‘ಎರಡು ಪೊಟ್ಟಣ ಪುಕ್ಕಟೆ ಕೊಟ್ಟಿದ್ದೇನಲ್ಲ’ ಎನ್ನಬೇಡಿ. ಎರಡು ಪೊಟ್ಟಣ ಎಂಟು ದಿನದಲ್ಲಿ ಖಾಲಿಯಾಗುತ್ತವೆ. ಹತ್ತು ವರ್ಷ ಓಣಿಯ ಹೆಂಗಸರ ಕಷ್ಟಸುಖ ಕೇಳಿ ಆಕೆ ಗಳಿಸಿದ ಹೆಸರು ಒಂದು ಸಲ ಕೆಟ್ಟರೆ ಮತ್ತೆ ಬರುವುದಿಲ್ಲ. ಮರುದಿನವೂ ಆಕೆ ಅದೇ ಓಣಿಯಲ್ಲಿ ತಲೆಯೆತ್ತಿ ನಡೆಯಬೇಕು.

ಇಷ್ಟು ದೂರ ಬಂದವರು ಹಾಗೇ ಹಿಂದಿರುಗಬೇಡಿ. ಶಹಾಪುರದ ಬಳಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲನ್ನು ಕಣ್ತುಂಬ ನೋಡಿ. ಸಂಕ್ರಾಂತಿಯ ದಿನವಾದರೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೂ ಹೋಗಬಹುದು. ಚೀಲದಲ್ಲಿ ಎರಡು ಸೇರು ತೊಗರಿಬೇಳೆ, ಒಂದು ಡಬ್ಬಿ ಶೇಂಗಾ ಹಿಂಡಿ ಇರಲಿ. ಹಿಂಡಿ ಕುಟ್ಟಿದಾಕೆಯ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಎಲ್ಲರೂ ತಿಂದು ಚೆನ್ನಾಗಿದೆ ಎಂದರೆ, ಆಮೇಲೆ ನಾಲ್ಕು ಜನಕ್ಕೆ ಹೇಳುವಿರಂತೆ!